ಬೆನ್ನು ನೋಡ್ಲಿಕ್ಕೆ ಬಂದದ್ದಾ?

ಪ್ರಿಯ ಓದುಗರೇ,

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ಎರಡು ವಾರ ತಡವಾಗಿದೆ. ತಪ್ಪು ನನ್ನದೇ. ರಜೆಗೆ ಕಾಸರಗೋಡಿಗೆ ಹೋದವನು ಸಂಪಾದಕೀಯವನ್ನು ಅಲ್ಲಿಂದಲೇ ಕಳಿಸುತ್ತೇನೆ ಎಂದು ಸಮಿತಿಗೆ ಮಾತು ಕೊಟ್ಟಿದ್ದೆ. ಅಡಿಕೆ ತೋಟದ ನಡುವೆ ಊಟ ಮುಗಿಸಿ ಕೂತವರಿಗೆ ನಿದ್ದೆ ಬರುತ್ತದೆಯೇ ಹೊರತು ಸಂಪಾದಕೀಯ ಬರುವುದಿಲ್ಲ. ಆದರೆ ಬರೆಯುವ ವಿಷಯ ಮಾತ್ರ ಅಲ್ಲೇ ಸಿಕ್ಕಿತು.

ಬದಿಯಡ್ಕದಿಂದ ಸ್ವಲ್ಪ ಒಳಗೆ, ನಮ್ಮೂರ ವಾಚನಾಲಯದ ವಾರ್ಷಿಕೋತ್ಸವ. ಆಮಂತ್ರಣದಲ್ಲಿ ಭಜನೆ, ಮಕ್ಕಳ ನೃತ್ಯ, ತಾಳಮದ್ದಳೆಗಳ ನಡುವೆ ಒಂದು ಸಾಲು: 'ಜಾಜ್ ಸಂಗೀತ ಮತ್ತು ಸ್ಥಳದಲ್ಲೇ ಚಿತ್ರರಚನೆ'. ಮಾವ ಕನ್ನಡಕ ಏರಿಸಿ ಓದಿದರು. "ಜಾಜಿ ಸಂಗೀತವಾ? ಹೂವಿನದ್ದಾ?"

ಬೆಂಗಳೂರಿನಿಂದ ನಾಲ್ಕು ಜನ ಬಂದಿದ್ದರು. ಸ್ಯಾಕ್ಸೊಫೋನ್, ಕೀಬೋರ್ಡ್, ಬೇಸ್ ಗಿಟಾರ್, ಡ್ರಮ್. ಪಕ್ಕದಲ್ಲಿ ಆಳೆತ್ತರದ ಕ್ಯಾನ್ವಾಸ್ ಮತ್ತು ಅದರ ಮುಂದೆ ಚಿತ್ರ ಬರೆಯುವ ಹುಡುಗ. ಸಭೆ ಹೆದರುತ್ತದೆ ಅಂದುಕೊಂಡಿದ್ದೆ, ಇಲ್ಲ. ಸ್ಯಾಕ್ಸೊಫೋನ್ ನಮ್ಮ ಕಡೆಯವರಿಗೆ ಮದುವೆಮನೆಯ ವಾದ್ಯ, ಜಾತ್ರೆಯ ವಾದ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ಕೊಳವೆಯಲ್ಲಿ ಕರ್ನಾಟಕ ಸಂಗೀತ ನುಡಿಸಿ ಕದ್ರಿ ಗೋಪಾಲನಾಥರು ಅದನ್ನು ನಮ್ಮದಾಗಿಸಿ ಎಷ್ಟು ಕಾಲವಾಯಿತು! ಅವರು ಮೊದಲು ಅದನ್ನು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. 1980ರಲ್ಲಿ ಮುಂಬೈಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾಜ್ ವಾದಕ ಜಾನ್ ಹ್ಯಾಂಡಿ ಅವರ ಜೊತೆ ನುಡಿಸಿದರು. ಹಾಗಾಗಿ ಮೊದಲ ಸ್ವರ ಬಂದಾಗ ನಮ್ಮ ಸಾಲಿನ ಹಿರಿಯರೊಬ್ಬರು ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿದರು. ತಾಳ ಕೂಡಲಿಲ್ಲ. ಆದರೂ ಬಿಡಲಿಲ್ಲ.

ತಕರಾರು ಬಂದದ್ದು ಚಿತ್ರದ ಕಡೆಯಿಂದ. ಹುಡುಗ ಕ್ಯಾನ್ವಾಸಿಗೆ ಮುಖ ಮಾಡಿ ನಿಂತಿದ್ದಾನೆ, ಸಭೆಗೆ ಕಾಣುವುದು ಅವನ ಅಂಗಿ. ಹತ್ತು ನಿಮಿಷ ನೋಡಿದ ಮಾವ ಎದ್ದು ನಿಂತರು. "ಅವನ ಬೆನ್ನು ನೋಡ್ಲಿಕ್ಕೆ ನಾವು ಬಂದದ್ದಾ?" ಸಂಘಟಕರು ಓಡಿಹೋಗಿ ಸ್ಟ್ಯಾಂಡನ್ನು ಓರೆಯಾಗಿ ತಿರುಗಿಸಿದರು. ಆಮೇಲೆ ಅವನು ಪಕ್ಕಕ್ಕೆ ಸರಿದು, ಕೈ ಉದ್ದಕ್ಕೆ ಚಾಚಿ ಬರೆಯಬೇಕಾಯಿತು. ಗೆರೆ ಸ್ವಲ್ಪ ನಡುಗಿತು. ನನಗೇನೋ ಆ ನಡುಗುವ ಗೆರೆಯೇ ಚೆಂದ ಕಂಡಿತು.

ಇನ್ನೊಂದು ತೊಂದರೆ ಫ್ಯಾನಿನದ್ದು. ಒಂದು ಗಂಟೆಯಲ್ಲಿ ಮುಗಿಯಬೇಕಾದ ಚಿತ್ರಕ್ಕೆ ತೈಲವರ್ಣ ಆಗುವುದಿಲ್ಲ, ಒಣಗಲು ದಿನಗಟ್ಟಲೆ ಬೇಕು. ಆಕ್ರಿಲಿಕ್ ನಿಮಿಷಗಳಲ್ಲಿ ಒಣಗುತ್ತದೆ, ಒಂದರ ಮೇಲೊಂದು ಬಳಿಯಬಹುದು. ಆದರೆ ಸೆಕೆಗೆಂದು ಇಟ್ಟ ದೊಡ್ಡ ಫ್ಯಾನಿನ ಗಾಳಿಗೆ ಬಣ್ಣ ತಟ್ಟೆಯಲ್ಲೇ ಕೆನೆಗಟ್ಟುತ್ತಿತ್ತು. ತಟ್ಟೆ ಎಂದರೆ ನಮ್ಮ ಅಡಿಕೆ ಹಾಳೆಯದ್ದೇ, ಮಧ್ಯಾಹ್ನ ಊಟಕ್ಕೆ ತಂದು ಮಿಕ್ಕಿದ್ದು. ಅವನು ಎಡಗೈಯಲ್ಲಿ ನೀರು ಚಿಮುಕಿಸುತ್ತಾ ಬಲಗೈಯಲ್ಲಿ ಬಳಿಯುತ್ತಿದ್ದ. ಕೊನೆಗೆ ಯಾರೋ ಫ್ಯಾನ್ ಆರಿಸಿದರು. ನಾವು ಬೆವರಿದೆವು.

ಸಂಗೀತದ ಜೊತೆ ಚಿತ್ರ ಬರೆಯುವುದನ್ನು ನಾನು ನಾವೀಗ ಇರುವ ಊರಿನ ಬೇಸಿಗೆ ಹಬ್ಬಗಳಲ್ಲೂ ನೋಡಿದ್ದೇನೆ. ಜಾಸ್ತಿ ಇಷ್ಟವಾಗಿಲ್ಲ ಎಂದೇ ಹೇಳಬೇಕು. ಏನು ಬರೆಯಬೇಕೆಂದು ಮನೆಯಲ್ಲೇ ತೀರ್ಮಾನವಾಗಿರುತ್ತದೆ. ತಲೆಕೆಳಗಾಗಿ ಬಳಿದು, ಕೊನೆಯ ಗಳಿಗೆಯಲ್ಲಿ ತಿರುಗಿಸಿದರೆ ಯಾರದೋ ಮುಖ! ಚಪ್ಪಾಳೆ. ಅದಕ್ಕೆ ಜಾಜ್ ಆದರೇನು, ಭಜನೆ ಆದರೇನು? ನಮ್ಮಲ್ಲಿ ಚಿತ್ರಕಾರ ಬಿ.ಕೆ.ಎಸ್. ವರ್ಮಾ ಅವರು ಹಾಡು ನಡೆಯುತ್ತಿರುವಾಗಲೇ ವೇದಿಕೆಯಲ್ಲಿ ಚಿತ್ರ ಬರೆಯುತ್ತಿದ್ದರು. ಅಲ್ಲಿ ಹಾಡಿಗೆ ಮಾತಿತ್ತು, ಮಾತು ಚಿತ್ರಕ್ಕೆ ದಾರಿ ತೋರುತ್ತಿತ್ತು. ಅವತ್ತು ನಮ್ಮೂರಲ್ಲಿ ನುಡಿಸಿದ ಜಾಜ್‌ನಲ್ಲಿ ಮಾತೇ ಇಲ್ಲ. ಏನನ್ನು ಬರೆಯುವುದು?

ಆ ಹುಡುಗ ಏನನ್ನೂ ಬರೆಯುವ ಅವಸರ ತೋರಲಿಲ್ಲ. ಜಾಜ್‌ನಲ್ಲಿ ಮೊದಲು ಎಲ್ಲರೂ ಸೇರಿ ಒಂದು ರಾಗ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೇ ಅದನ್ನು ಹಿಡಿದು ತಮಗೆ ತೋಚಿದಂತೆ ಬೆಳೆಸುತ್ತಾರೆ, ಕೊನೆಗೆ ಮತ್ತೆ ಒಟ್ಟು ಸೇರುತ್ತಾರೆ. ಒಂದು ಹಂತದಲ್ಲಿ ಸ್ಯಾಕ್ಸೊಫೋನಿಗೂ ಡ್ರಮ್ಮಿಗೂ ಸವಾಲು ಜವಾಬು ಶುರುವಾಯಿತು. ಹುಡುಗ ಕುಂಚ ಎತ್ತಿಕೊಂಡು ಸುಮ್ನೆ ನಿಂತುಬಿಟ್ಟ. ಡ್ರಮ್ ನಿಂತ ಒಂದು ಚೂರು ಜಾಗದಲ್ಲಿ, ಟಪ್ ಅಂತ, ಒಂದೇ ಒಂದು ಕೆಂಪು ಏಟು. ಡ್ರಮ್ಮಿನವ ತಿರುಗಿ ನೋಡಿ ನಕ್ಕ. ಮುಂದಿನ ಸುತ್ತಿನಲ್ಲಿ ಅವನು ಬೇಕೆಂದೇ ಜಾಗ ಬಿಟ್ಟುಕೊಟ್ಟ.

ಮಾವ ಆಗ ನನ್ನ ಕೈ ಹಿಡಿದರು. "ಇದು ಅರ್ಥ ಹೇಳಿದ ಹಾಗೆಯೇ ಅಲ್ವಾ?"

ಹೌದಲ್ಲ! ವೇಷ, ಕುಣಿತ ಇಲ್ಲದೆ ಕೂತು, ಭಾಗವತರು ಹಾಡಿದ ಪದವನ್ನು ಸ್ಥಳದಲ್ಲೇ ಮಾತಾಗಿ ಬೆಳೆಸುವುದು ತಾಳಮದ್ದಳೆ, ಆ ಮಾತಿಗೇ 'ಅರ್ಥ' ಎನ್ನುವುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆ ಅಲ್ಲಿಂದ ಹತ್ತಿರ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಲು ರಾತ್ರಿಯೆಲ್ಲ ಕೂತಿದ್ದ ಕಿವಿಗಳು ಅವು. ಭಾಗವತರ ಪದ ಗೊತ್ತಿರುತ್ತದೆ, ಕಥೆ ಗೊತ್ತಿರುತ್ತದೆ. ಎದುರಿನ ಅರ್ಥಧಾರಿ ಏನು ಕೇಳುತ್ತಾನೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ಬರೆದುಕೊಂಡು ಬಂದವನು ಅಲ್ಲಿ ಸಿಕ್ಕಿಬೀಳುತ್ತಾನೆ.

ಅತ್ತೆಯದ್ದು ಬೇರೆ ನೆನಪು. ನಾಗನ ಆರಾಧನೆಯಾದ ನಾಗಮಂಡಲದಲ್ಲಿ ಐದು ಬಣ್ಣದ ಹುಡಿಯಲ್ಲಿ ಬರೆದ ಮಂಡಲದ ಸುತ್ತ, ಅದನ್ನು ನಡೆಸಿಕೊಡುವ ವೈದ್ಯ ಸಮುದಾಯದವರು ಡಕ್ಕೆ ಎಂಬ ಪುಟ್ಟ ವಾದ್ಯ ಬಾರಿಸಿ ಹಾಡುತ್ತಾ ಕುಣಿಯುವುದಿಲ್ಲವೇ? ಬೆಳಗಾಗುವಾಗ ಆ ಚಿತ್ರ ಇರುವುದೇ ಇಲ್ಲ. "ಇದನ್ನು ಯಾಕೆ ಇಟ್ಟುಕೊಳ್ಳುವುದು?" ಎಂದು ಅವರು ಕೇಳಿದರು. ವಾಚನಾಲಯದವರು ಹುಡುಗನ ಚಿತ್ರವನ್ನು ಪತ್ರಿಕೆಗಳ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ. ಅದು ದೋಣಿ ಎಂದು ಒಂದು ಮಗು, ತೆಯ್ಯಂ ದೈವದ ಕಿರೀಟದಂಥ ಮುಡಿ ಎಂದು ಇನ್ನೊಂದು. ನನಗೆ ಕಾಣುವುದು ಆ ಒಂದು ಕೆಂಪು ಏಟು ಮಾತ್ರ.

ನಮ್ಮ ಯುಗಾದಿ ಕಾರ್ಯಕ್ರಮದಲ್ಲಿ ಅರ್ಧ ಗಂಟೆ ಖಾಲಿ ಇದೆ. ಸಂಘದಲ್ಲಿ ಮೃದಂಗದವರಿದ್ದಾರೆ, ಗಿಟಾರಿನ ಮಕ್ಕಳಿದ್ದಾರೆ, ಚಿತ್ರ ಬರೆಯುವವರು ಕನಿಷ್ಠ ಮೂವರು ನನಗೆ ಗೊತ್ತು. ಒಪ್ಪುವವರು ಸಮಿತಿಗೆ ತಿಳಿಸಿ. ಒಟ್ಟಿಗೆ ಅಭ್ಯಾಸ ಮಾಡಿಕೊಂಡು ಮಾತ್ರ ಬರಬೇಡಿ. ಸ್ಟ್ಯಾಂಡ್ ಓರೆಯಾಗಿ ಇಡುವ ಜವಾಬ್ದಾರಿ ನನ್ನದು. ಬಣ್ಣ ಕಲಸಲು ಹಾಳೆತಟ್ಟೆ ಹತ್ತು ತಂದಿದ್ದೇನೆ. ವಿಮಾನ ನಿಲ್ದಾಣದಲ್ಲಿ ಅದೇನೆಂದು ವಿವರಿಸಲು ಕಾಲು ಗಂಟೆ ಹಿಡಿಯಿತು, ದಯವಿಟ್ಟು ಉಪಯೋಗಿಸಿ.