ಬೂಟು ಹೊಲಿದುಕೊಟ್ಟ ಅಣ್ಣನಿಗೆ

ಕಾರವಾರ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಅಣ್ಣನಿಗೆ ನಮ್ಮ ಹುಡುಗಿಯರ ಫುಟ್‌ಬಾಲ್ ತಂಡದ ಧನ್ಯವಾದ.

ಟ್ಯಾಗೋರ್ ಬೀಚಿನ ಮರಳಲ್ಲಿ ಬರಿಗಾಲಲ್ಲಿ ಶುರುವಾದ ತಂಡ ಮೊದಲ ಸಲ 11 ಜನರ ಪಂದ್ಯಕ್ಕೆ ಹೊರಟಿತ್ತು. ಹಿಂದಿನ ಸಂಜೆ ಗೋಲ್‌ಕೀಪರ್ ಬೂಟಿನ ಅಟ್ಟೆ ಬಾಯಿಬಿಟ್ಟಿತು. ಇದ್ದದ್ದು ಅದೊಂದೇ ಜೋಡಿ.

ಸಂದಿಯಲ್ಲಿ ಉಪ್ಪು, ಮರಳು ಉಳಿದರೆ ಗಮ್ ಹಿಡಿಯುವುದೇ ಇಲ್ಲ. ಅಣ್ಣ ಅವಸರ ಮಾಡಲಿಲ್ಲ. ಬ್ರಷ್‌ನಲ್ಲಿ ಮರಳು ಕೆದಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿದರು. ಎರಡೂ ಬದಿಗೆ ತೆಳ್ಳಗೆ ಗಮ್ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆಯೇ ಒತ್ತಿದರು. ಬರೀ ಗಮ್ ಆದರೆ ಚೆಂಡು ಒದೆಯುವಾಗ ತುದಿ ಮತ್ತೆ ಏಳುತ್ತದೆ. ಅದಕ್ಕೇ ಸುತ್ತಲೂ ನೈಲಾನ್ ದಾರದ ಹೊಲಿಗೆ. ಕೊನೆಗೆ ಬೂಟಿನೊಳಗೆ ಕೈಹಾಕಿ, ಗಂಟು ಚುಚ್ಚದಂತೆ ತಟ್ಟಿ, "ಹಾಕಿ ನೋಡು ತಂಗಿ" ಎಂದರು.

90 ನಿಮಿಷ ಆಡಿದರೂ ಒಂದು ಹೊಲಿಗೆಯೂ ಬಿಚ್ಚಲಿಲ್ಲ ಅಣ್ಣಾ.