ಈ ಹೊತ್ತಿಗೆ ಸಾಕಾಗುವಷ್ಟು

ಕರ್ತನಲ್ಲಿ ಪ್ರಿಯ ಸಹೋದರಿಗೆ ವಂದನೆಗಳು.

ಸಭೆಯ ದಿನಧ್ಯಾನದ ಪುಸ್ತಕಕ್ಕಾಗಿ ನೀವು ಬರೆದ ಮೊದಲ ಹತ್ತು ದಿನಗಳ ಬರಹಗಳು ಕಳೆದ ವಾರ ಕೈಸೇರಿದವು. ಎರಡೆರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ವಚನಗಳ ಆಯ್ಕೆಯೂ ಚೆನ್ನಾಗಿದೆ. ಪತ್ರದ ಕೊನೆಯಲ್ಲಿ ನೀವು ಕೇಳಿರುವ ಪ್ರಶ್ನೆ, ಅಂದರೆ ಓದುವವರಿಗೆ ಪ್ರತಿದಿನವೂ ಧೈರ್ಯ ಸಿಗುವಂತೆ ಬರೆಯುವುದು ಹೇಗೆ ಎಂಬುದು, ಇಷ್ಟು ವರ್ಷ ಇದೇ ಕೆಲಸ ಮಾಡಿದ ನನ್ನನ್ನೂ ಬೆಳಗಾದರೆ ಕಾಡುವ ಪ್ರಶ್ನೆಯೇ. ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎಂದು ನಾವು ಬಾಯಿಪಾಠವಾಗಿ ಹೇಳುತ್ತೇವೆ. ‘ಈ ಹೊತ್ತು’ ಎಂಬ ಎರಡು ಮಾತುಗಳ ಮೇಲೆ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ಹೊತ್ತು ಎಂದರೆ ಸೂರ್ಯ, ಹೊತ್ತು ಎಂದರೆ ವೇಳೆ, ಹೊತ್ತು ಎಂದರೆ ಒಂದು ಸಲದ ಊಟವೂ ಹೌದು. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಅಡವಿಯಲ್ಲಿ ಆಕಾಶದಿಂದ ಸುರಿಸಿದ ಆಹಾರ, ಆ ಮನ್ನದ ವಿಷಯವೂ ಇದೇ. ಒಬ್ಬೊಬ್ಬರಿಗೆ ಒಂದೊಂದು ಅಳತೆ, ಅದೂ ಆ ದಿನದ ಮಟ್ಟಿಗೆ. ನಾಳೆಗಿರಲಿ ಎಂದು ಕೂಡಿಟ್ಟವರ ಪಾತ್ರೆಯಲ್ಲಿ ಮರುದಿನ ಹುಳುಬಿದ್ದು ನಾರಿತು. ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ಅಳತೆ ಕೂಡಿಸಲು ಅಪ್ಪಣೆಯಿತ್ತು. ನಿಮ್ಮ ಹತ್ತು ಬರಹಗಳಲ್ಲಿ ಏಳು, ಓದುವವರಿಗೆ ಇಡೀ ಆಯುಷ್ಯಕ್ಕೆ ಸಾಕಾಗುವಷ್ಟು ನಂಬಿಕೆಯನ್ನು ಒಂದೇ ಪುಟದಲ್ಲಿ ಕಟ್ಟಿಕೊಡಲು ಹೊರಟಿವೆ. ಒಲೆಯ ಮೇಲೆ ಹಾಲಿಟ್ಟು, ಮಕ್ಕಳ ಬಸ್ಸು ಬರುವುದರೊಳಗೆ ಮೂರು ನಿಮಿಷ ಬಿಡುವು ಮಾಡಿಕೊಂಡು ಓದುವ ತಾಯಿಗೆ ಅಷ್ಟು ಬೇಕಾಗಿಲ್ಲ. ಅಷ್ಟನ್ನು ಹೊರುವ ಶಕ್ತಿಯೂ ಆಗ ಆಕೆಗಿಲ್ಲ.

ಇದನ್ನು ನಾನು ಕಲಿತದ್ದು ನನ್ನ ತಪ್ಪಿನಿಂದಲೇ. ಬರೆಯತೊಡಗಿದ ಮೂರನೆಯ ವರ್ಷ, ಜುಲೈ ತಿಂಗಳ ಒಂದು ಪುಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದ 28ನೇ ವಚನವನ್ನು ಹಿಡಿದು, ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎಂದು ಬಹಳ ಸೊಗಸಾಗಿ ಬರೆದಿದ್ದೆ. ಆ ದಿನ ಸಂಜೆ ಮನೆಪ್ರಾರ್ಥನೆಗೆಂದು ಹೋದ ಮನೆಯ ಹಿರಿಯ ಹೆಂಗಸು ತನ್ನ ಮಗನನ್ನು ಕಳೆದುಕೊಂಡು ಇನ್ನೂ ಮೂರು ವಾರ ಕಳೆದಿರಲಿಲ್ಲ. ಹೊರಗೆ ಹಂಚಿನ ಮೇಲೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು. ಪುಸ್ತಕದ ಆ ಪುಟದೊಳಗೆ ಅವರು ತಮ್ಮ ಕನ್ನಡಕವನ್ನಿಟ್ಟು ಮುಚ್ಚಿದ್ದರು. ‘ಇದು ಸುಳ್ಳು ಅಂತ ನಾನು ಹೇಳುವುದಿಲ್ಲ ಮಾಸ್ಟ್ರೇ, ಆದರೆ ಇವತ್ತಿಗೆ ಬೇಡ’ ಎಂದು ಹೇಳಿ, ಸತ್ಯವೇದವನ್ನು ನನ್ನ ಕೈಗಿತ್ತು, 88ನೇ ಕೀರ್ತನೆಯನ್ನು ಓದಲು ಹೇಳಿದರು. ಹೆಚ್ಚಿನ ಪ್ರಲಾಪದ ಕೀರ್ತನೆಗಳು ಕೊನೆಗೆ ಬೆಳಕಿನತ್ತ ತಿರುಗುತ್ತವೆ; ಅದೊಂದು ತಿರುಗುವುದಿಲ್ಲ, ಇಬ್ರಿಯ ಮೂಲದಲ್ಲಿ ಅದರ ಕೊನೆಯ ಪದವೇ ಕತ್ತಲೆ. ನಾನು ಓದಿ ಮುಗಿಸಿದ ಮೇಲೆ ಅವರು ‘ಆಮೆನ್’ ಎಂದರು, ನನಗೆ ಮಾತ್ರ ಆ ಮಾತು ಕೂಡಲೇ ಬಾಯಿಗೆ ಬರಲಿಲ್ಲ. ಅವರಿಗೆ ಅಂದು ಸಿಕ್ಕಿದ ಧೈರ್ಯ, ತನ್ನ ಮನಸ್ಸಿನಲ್ಲಿದ್ದ ಮಾತು ದೇವರ ಪುಸ್ತಕದಲ್ಲೇ ಅಚ್ಚಾಗಿದೆ ಎಂಬುದು.

ಅಂದಿನಿಂದ ನಾನು ಪ್ರವಾದಿ ಎಲೀಯನ ಕಥೆಯನ್ನು ಬೇರೆ ರೀತಿಯಲ್ಲಿ ಓದುತ್ತೇನೆ. ನಾವು ಉಪದೇಶಕರು, ದೇವರು ಅವನನ್ನು ಸಂಧಿಸಿದ ಹೋರೇಬ್ ಬೆಟ್ಟದ ಗಾಳಿ, ಭೂಕಂಪ, ಬೆಂಕಿ, ಆಮೇಲಿನ ಆ ಮೆಲ್ಲನೆಯ ಸದ್ದು ಎಂದು ಅಲ್ಲಿಗೇ ಓಡುತ್ತೇವೆ. ಆದರೆ ಒಂದನೆಯ ಅರಸುಗಳು 19ನೇ ಅಧ್ಯಾಯದಲ್ಲಿ ಅದಕ್ಕೂ ಮೊದಲು, ಸಾವನ್ನೇ ಬೇಡಿಕೊಂಡು ಅಡವಿಯ ಗಿಡವೊಂದರ ಕೆಳಗೆ ಮಲಗಿದವನನ್ನು ದೂತನು ತಟ್ಟಿ ಎಬ್ಬಿಸಿ ಕೊಟ್ಟದ್ದು ರೊಟ್ಟಿ ಮತ್ತು ನೀರು. ಉಂಡವನು ಮತ್ತೆ ಮಲಗಿದ. ದೂತನು ಗದರಲಿಲ್ಲ, ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದ. ಹೇಳಿದ್ದಾದರೂ, ಮುಂದಿರುವ ದಾರಿ ದೂರ ಎಂಬಷ್ಟೇ. ದಿನಧ್ಯಾನ ಬರೆಯುವವರ ಕೆಲಸ ಬಹುಮಟ್ಟಿಗೆ ಈ ರೊಟ್ಟಿಯದು, ಹೋರೇಬಿನದಲ್ಲ.

ಇನ್ನು ಮೌನದ ವಿಷಯ. ಹನ್ನೆರಡನೆಯ ಶತಮಾನದಲ್ಲಿ, ಮೌನಕ್ಕೆ ಹೆಸರಾದ ಕಾರ್ತೂಸಿಯನ್ ಮಠಪಂಥದ ಸನ್ಯಾಸಿ ಎರಡನೆಯ ಗೀಗೋ ಸತ್ಯವೇದದ ಓದನ್ನು ನಾಲ್ಕು ಮೆಟ್ಟಿಲುಗಳ ಏಣಿಗೆ ಹೋಲಿಸಿದ: ಓದು, ಮನನ, ಪ್ರಾರ್ಥನೆ, ಕೊನೆಗೆ ದೇವರ ಸನ್ನಿಧಿಯಲ್ಲಿ ಸುಮ್ಮನೆ ನೆಲೆಸುವುದು. ಆ ಏಣಿಯಲ್ಲಿ ಉಪದೇಶವೆಂಬ ಮೆಟ್ಟಿಲಿಲ್ಲ ಎಂಬುದನ್ನು ಗಮನಿಸಿ. ನೀವು ಮೊದಲ ಮೆಟ್ಟಿಲಿನಿಂದ ಹಾರಿ, ಏಣಿಯನ್ನೇ ಬಿಟ್ಟು, ‘ಆದ್ದರಿಂದ ನಾವೂ ಸಹ’ ಎಂದು ಶುರುಮಾಡುತ್ತೀರಿ. (ಈ ‘ಆದ್ದರಿಂದ ನಾವೂ ಸಹ’ ನಮ್ಮ ಸಭೆಗಳ ಬರಹಕ್ಕೆ ಹಿಡಿದ ಹಳೆಯ ಗೆದ್ದಲು, ನನ್ನ ಹಳೆಯ ಪುಸ್ತಕಗಳನ್ನು ತೆರೆದರೆ ನಿಮಗಿಂತ ಹೆಚ್ಚು ಸಿಗುತ್ತದೆ.) ನಾನು ಮಾಡುವುದು ಇಷ್ಟು: ಹಿಂದಿನ ರಾತ್ರಿ ಆ ವಚನವನ್ನು ಗಟ್ಟಿಯಾಗಿ ಓದಿ ಮಲಗುತ್ತೇನೆ, ಬೆಳಿಗ್ಗೆ ಅದರೊಂದಿಗೆ ಪೆನ್ನಿಲ್ಲದೆ ಕಾಲು ಗಂಟೆ ಕೂರುತ್ತೇನೆ. ಮನಸ್ಸು ಕರೆಂಟ್ ಬಿಲ್ಲಿನ ಕಡೆಗೋ ಮೊಣಕಾಲ ನೋವಿನ ಕಡೆಗೋ ಹೋದರೆ ಅದನ್ನೇ ಪ್ರಾರ್ಥನೆಯಾಗಿ ಹೇಳಿಬಿಡುತ್ತೇನೆ. ಕೆಲವು ದಿನ ಏನೂ ದಕ್ಕುವುದಿಲ್ಲ. ಆ ದಿನ ಬರೆಯುವುದಿಲ್ಲ.

ಪ್ರಾರ್ಥನೆ ಮುಗಿದ ಮೇಲೆ, ಇದನ್ನು ಯಾರ ಮನೆಗೆ ಒಯ್ಯುತ್ತಿದ್ದೇನೆ ಎಂದು ಕೇಳಿಕೊಳ್ಳಿ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ 1728ರಲ್ಲಿ ಜಿನ್ಜೆನ್‌ಡಾರ್ಫ್ ಪ್ರಭುವು ದಿನಕ್ಕೊಂದು ವಾಕ್ಯ ಕೊಡುವ ರೂಢಿಯನ್ನು ಆರಂಭಿಸಿದಾಗ, ಅದು ಪುಸ್ತಕವಾಗಿರಲಿಲ್ಲ. ಸಹೋದರರು ಅದನ್ನು ಮನೆಮನೆಗೆ ನಡೆದುಹೋಗಿ ಹೇಳುತ್ತಿದ್ದರು. ಅಚ್ಚಾದದ್ದು 1731ರ ವರ್ಷಕ್ಕೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ, ಸ್ವಿಟ್ಜರ್ಲೆಂಡಿನ ಸುವಾರ್ತಾ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರೂ ಇಂಥದೇ ಭಕ್ತಿಪರಂಪರೆಯಲ್ಲಿ ಬೆಳೆದವರು. ಮನೆಬಾಗಿಲಲ್ಲಿ ನಿಂತು ವಾಕ್ಯ ಹೇಳುವವನಿಗೆ ಒಳಗಿನ ಕೆಮ್ಮು ಕೇಳಿಸುತ್ತದೆ, ಎದುರಿನ ಮುಖ ಕಾಣಿಸುತ್ತದೆ. ಅಚ್ಚಿನ ಪುಟಕ್ಕೆ ಅದು ಕಾಣಿಸುವುದಿಲ್ಲವಾದ್ದರಿಂದ ಬರೆಯುವಾಗ ನೀವೇ ಒಂದು ಮುಖವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ನಾನು ಇಂದಿಗೂ ಪುಟದೊಳಗೆ ಕನ್ನಡಕವನ್ನಿಟ್ಟು ಮುಚ್ಚಿದ ಆ ಹೆಂಗಸನ್ನೇ ನೆನೆಯುತ್ತೇನೆ.

ನಿಮ್ಮ ಬರಹಗಳನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ನಾಲ್ಕನೆಯ ದಿನದ್ದರಲ್ಲಿ, ನಿಮ್ಮ ಅಜ್ಜಿ ದೀಪ ಸಣ್ಣ ಮಾಡಿ ಹೆಸರು ಹೆಸರು ಹಿಡಿದು ಎಲ್ಲರಿಗಾಗಿ ಪ್ರಾರ್ಥಿಸುತ್ತಿದ್ದಾಗ ದನದ ಹೆಸರನ್ನೂ ಸೇರಿಸುತ್ತಿದ್ದರು ಎಂದು ಬರೆದಿದ್ದೀರಲ್ಲ, ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ. ಏಳನೆಯದರ ಕೊನೆಯ ಮೂರು ಸಾಲುಗಳನ್ನು ಹೊಡೆದುಹಾಕಿದ್ದೇನೆ. ಪೆನ್ಸಿಲ್ಲಿನಲ್ಲೇ ಹೊಡೆದಿದ್ದೇನೆ, ಪ್ರಾರ್ಥಿಸಿದ ಮೇಲೂ ಬೇಕೆನಿಸಿದರೆ ಅಳಿಸಿಕೊಳ್ಳಿ.

ಕರ್ತನಲ್ಲಿ ನಿಮ್ಮ ಹಿತೈಷಿ