ಅಪ್ಪಯ್ಯ ಕವಳ ಕೇಳುತ್ತಿಲ್ಲ ಅಂದೆಯಲ್ಲ

ಶಿವಮೊಗ್ಗ

ಪ್ರೀತಿಯ ಪುಟ್ಟಿಗೆ ಚಿಕ್ಕಮ್ಮನ ಆಶೀರ್ವಾದಗಳು.

ಫೋನಿನಲ್ಲಿ ಮಾತಾಡಿದರೆ ಅಕ್ಕ ಪಕ್ಕದಲ್ಲೇ ಕೂತಿರುತ್ತಾಳೆ, ಅದಕ್ಕೇ ಈ ಕಾಗದ. ಭಾವ ಗಂಜಿ ಎರಡು ಚಮಚಕ್ಕೇ ಸಾಕು ಅನ್ನುತ್ತಾರೆ ಅಂದೆ. ಅದಕ್ಕಿಂತ, ವಾರದಿಂದ ಎಲೆಅಡಿಕೆಯ ಕವಳ ಕೇಳಿಲ್ಲ ಅಂದದ್ದು ನನಗೆ ಹೆಚ್ಚು ತಟ್ಟಿತು. ಊಟ ಬಿಟ್ಟಾರು, ಕವಳ ಬಿಡುವ ಮನುಷ್ಯರಲ್ಲ ಅವರು. ಅಡಿಕೆ ರೇಟು ವಿಚಾರಿಸುವುದಿಲ್ಲ, ಹಗಲೂ ನಿದ್ದೆ, ಮೊಮ್ಮಕ್ಕಳು ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ. ಹೃದಯ ಸೋತವರು 88ರ ವಯಸ್ಸಿನಲ್ಲಿ ವಾರದಿಂದ ವಾರಕ್ಕೆ ಹೀಗೆ ಕುಗ್ಗುತ್ತ ಬಂದರೆ, ದೇಹ ಹೊರಡುವ ತಯಾರಿಯಲ್ಲಿದೆ ಅಂತಲೇ ನರ್ಸ್ ಆಗಿದ್ದ ನನಗನ್ನಿಸುತ್ತದೆ.

ಆದರೂ ಒಂದು ಮಾತು. ನಿಧಾನಕ್ಕೆ ಕುಗ್ಗುವುದು ಬೇರೆ, ನಿನ್ನೆವರೆಗೆ ಸರಿಯಿದ್ದವರು ಇವತ್ತು ಏಕಾಏಕಿ ಬಡಬಡಿಸುವುದು ಬೇರೆ. ಮೂತ್ರದ ಸೋಂಕು, ಮಲಬದ್ಧತೆ, ಯಾವುದೋ ಹೊಸ ಮಾತ್ರೆ, ಇವೂ ವಯಸ್ಸಾದವರನ್ನು ಹಾಗೆ ಮಾಡುತ್ತವೆ, ಅದಕ್ಕೆ ಮದ್ದಿದೆ. ತೀರ್ಥಹಳ್ಳಿಯಿಂದ ಡಾಕ್ಟರನ್ನು ಮನೆಗೇ ಕರೆಸು. ಇದು ವಾಸಿಯಾಗುವಂಥದ್ದಾ ಅಲ್ಲವಾ ಅಂತ ನೇರವಾಗಿ ಕೇಳು. ಕೇಳದಿದ್ದರೆ ಅವರೂ ಸುತ್ತಿ ಬಳಸಿ ಏನೋ ಹೇಳಿ ಹೋಗುತ್ತಾರೆ.

ತಿನ್ನದೇ ಸಾಯುತ್ತಿದ್ದಾರೆ ಅಂತ ಅಕ್ಕನ ಸಂಕಟ. ಹೋಗುವ ಕಾಲ ಹತ್ತಿರ ಬಂದದ್ದಕ್ಕೇ ಅವರಿಗೆ ಅನ್ನ ಬೇಡವಾಗಿದೆ, ಇದನ್ನು ಅವಳಿಗೆ ಮೆಲ್ಲಗೆ ತಿಳಿಸು. ಅರೆನಿದ್ದೆಯಲ್ಲಿ ಬಾಯಿಗೆ ಗಂಜಿ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದೀತು. ಡ್ರಿಪ್ ಹಾಕಿಸಿದರೆ ಆ ಹೃದಯ ನೀರನ್ನು ತಡೆಯಲಾರದು, ಕಾಲು ಊದಿ ಉಬ್ಬಸ ಹೆಚ್ಚುತ್ತದೆ. ಕೇಳಿದರೆ ಕೇಳಿದ್ದು ಕೊಡಿ, ಕೂರಿಸಿಕೊಂಡು, ಒಂದು ಚೂರು. ಇಲ್ಲದಿದ್ದರೆ ಒದ್ದೆ ಹತ್ತಿಯಿಂದ ಬಾಯಿ ಒರೆಸಿ ತುಟಿಗೆ ಬೆಣ್ಣೆ ಸವರುವುದು. ಆ ಕೆಲಸ ಅಕ್ಕನಿಗೇ ಬಿಡು, ಅವಳ ಕೈಗೂ ಏನಾದರೂ ಬೇಕಲ್ಲ. ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವುದು ಮಾತ್ರ ನಿನ್ನ ಜವಾಬ್ದಾರಿ, ಬೆನ್ನು ಹುಣ್ಣಾದರೆ ಆ ನೋವು ಬೇಡ.

ಮುಂದೆ ಏನೇನು ಕಾಣಬಹುದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಪಾದ ತಣ್ಣಗಾಗಿ ಮಂಡಿಯ ಹತ್ತಿರ ನೇರಳೆ ಮಚ್ಚೆ ಮೂಡುತ್ತವೆ. ಉಸಿರು ಜೋರಾಗಿ ಓಡಿ, ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಮಗ್ಗುಲಿಗೆ ಮಲಗಿಸು. ಕೇಳುವ ನಮಗಾಗುವಷ್ಟು ಹಿಂಸೆ ಸಾಮಾನ್ಯವಾಗಿ ಅವರಿಗಿರುವುದಿಲ್ಲ. ಉಬ್ಬಸಕ್ಕೆ ಮಾತ್ರ ಮದ್ದು ಕೇಳು, ಸಣ್ಣ ಪ್ರಮಾಣದ ಮಾರ್ಫಿನ್ ಕೊಡುವುದುಂಟು. ಸತ್ತುಹೋದ ಅಮ್ಮ ಬಂದು ಕೂತಿದ್ದಾಳೆ ಅಂದರೆ ವಾದ ಮಾಡಬೇಡಿ, ಜೋಯಿಸರ ಹತ್ತಿರ ನಿಮಿತ್ತ ಕೇಳಲು ಯಾರೂ ಓಡಬೇಡಿ. ಒಂದು ದಿನ ಎದ್ದು ಕೂತು ಕವಳ ಬೇಕು ಅಂದರೂ ಅಂದಾರು. ಆರುವ ಮುಂಚೆ ದೀಪ ಒಮ್ಮೆ ಜೋರಾಗಿ ಉರಿದಂತೆ ಅದು, ಹುಷಾರಾದರು ಅಂತ ನಿನ್ನ ತಮ್ಮನನ್ನು ಬರಬೇಡ ಅನ್ನಬೇಡ.

ತಮ್ಮ ಮಣಿಪಾಲಕ್ಕೆ ಕರೆದೊಯ್ಯೋಣ ಅನ್ನುತ್ತಾನಂತೆ. ಈ ಮಳೆಯಲ್ಲಿ, ಆಗುಂಬೆ ಘಾಟಿಯ 14 ತಿರುವು ದಾಟಿಸಿ, ಐಸಿಯುವಿನ ಬಾಗಿಲ ಹೊರಗೆ ಅಕ್ಕನನ್ನು ಕೂರಿಸುವುದಕ್ಕಾ? ಚಿಕಿತ್ಸೆ ಬೇಡ ಅಂದರೆ ಅಪರಾಧವಾದೀತು ಅನ್ನುವ ಹೆದರಿಕೆ ಅವನಿಗೆ. ಗುಣವಾಗದ ಕಾಯಿಲೆಯಲ್ಲಿ ಯಂತ್ರದ ಆಸರೆ ಬೇಡ ಅನ್ನುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ, ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಅದಕ್ಕೂ ಮುಂಚೆ, ಭಾವನಿಗೆ ಎಚ್ಚರವಿದ್ದಾಗ ಅವರನ್ನೇ ಕೇಳಿ. ನಾವೆಲ್ಲ ಅವರ ತಲೆಯ ಮೇಲೆ ಮಾತಾಡುತ್ತಿದ್ದೇವೆ, ಅವರನ್ನು ಯಾರೂ ಕೇಳಿಲ್ಲ.

ದೇವರ ಮನೆಯ ಗಂಗೆ ತಂಬಿಗೆ ಒಡೆದಾಗ ಬಾಯಿಗೆ ಸುರಿಯುವವರೂ ಇರುತ್ತಾರೆ, ನೀನು ಅಡ್ಡ ನಿಲ್ಲು. ತುಳಸಿ ಎಲೆಯಲ್ಲಿ ಎರಡು ಹನಿ ತುಟಿಗೆ ಮುಟ್ಟಿಸಿದರೆ ಸಾಕು. ಮಂಚದ ಹತ್ತಿರ ಗದ್ದೆ ಪಾಲಿನ ಮಾತು ಬೇಡ, ಕಣ್ಣು ಮುಚ್ಚಿದ್ದರೂ ಕಿವಿ ಕೇಳುತ್ತಿರಬಹುದು.

ತಮ್ಮನಿಗೆ ಇವತ್ತೇ ಫೋನ್ ಮಾಡಿ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಲು ಹೇಳು. ನಾನು ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಹಳೆ ಕಾಟನ್ ಸೀರೆಗಳಿದ್ದರೆ ತೊಳೆದು ಒಣಗಿಸಿಡು, ಹಾಸಲಿಕ್ಕೆ ಬೇಕಾಗುತ್ತವೆ.

ನಿನ್ನ ಚಿಕ್ಕಮ್ಮ